ಸುಳಿ ನೊಣಕ್ಕೆ ಬಗ್ಗದ ಜೋಳ: ಬೀಜದೊಳಗಿನ ಕಾವಲು

ಉತ್ತರಿ ಮಳೆಗೆ ಎರೆಹೊಲ ಹದಗೊಳ್ಳುವ ಮುನ್ನ ಹಿಂಗಾರಿ ಜೋಳದ ಬೀಜದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಅಕ್ಕಲಕೋಟೆ, ಜತ್ತ, ಮಂಗಳವೇಢೆಗಳ ಕಡೆಯ ಒಕ್ಕಲುತನದ ಬಾಂಧವರು ಕೇಳುತ್ತಿದ್ದಾರೆ. ಅವರೆಲ್ಲರ ಪ್ರಶ್ನೆ ಒಂದೇ: “ಎಣ್ಣೆ ಹೊಡೆಯದೆ ಸುಳಿ ನೊಣವನ್ನು ತಡೆಯುವ ಬೀಜ ಇದೆಯೇ? ಇದ್ದರೆ ಅದು ಯಾವುದು?”

ಪ್ರಶ್ನೆ ಚಿಕ್ಕದು, ಉತ್ತರಕ್ಕೆ ಸ್ವಲ್ಪ ತಾಳ್ಮೆ ಬೇಕು. ನೊಣವನ್ನು ಪೂರ್ತಿಯಾಗಿ ತಡೆಯುವ ಜೋಳದ ಬೀಜ ಇಂದಿನವರೆಗೂ ಯಾರ ಕೈಯಲ್ಲಿಯೂ ಇಲ್ಲ. ಆದರೆ ಅದರ ಕಾಟವನ್ನು ಬಹುಮಟ್ಟಿಗೆ ತಗ್ಗಿಸುವ ಬೀಜಗಳಿವೆ. ಅವುಗಳ ಮೂಲವಾದರೋ ದೂರದ ದೇಶದಲ್ಲಿ ಮಾತ್ರವಲ್ಲ, ನಮ್ಮ ಹಿರಿಯರ ಹಗೇವಿನಲ್ಲಿಯೂ ಇದ್ದಿತು. ಇದು ಹೇಗೆಂಬುದನ್ನು ತಿಳಿದುಕೊಂಡರೆ ಪೇಟೆಯಲ್ಲಿ ಬೀಜದ ಚೀಲ ಕೊಳ್ಳುವಾಗ ಯಾರೂ ನಮಗೆ ಮರುಳುಮಾಡಲಾರರು.

ಮೊದಲು ವೈರಿಯ ಗುರುತು

ಸುಳಿ ನೊಣವು ಮನೆಯ ನೊಣಕ್ಕಿಂತ ಸಣ್ಣದಾದ ಬೂದಿ ಬಣ್ಣದ ನೊಣ. ಜೋಳವು ಮೊಳೆತು ಒಂದು ವಾರದಿಂದ ನಾಲ್ಕು ವಾರಗಳವರೆಗಿನ ಎಳೆಯ ಸಸಿಯೇ ಅದಕ್ಕೆ ಬೇಕು. ಎಲೆಯ ಕೆಳಮೈಗೆ, ನಡುನರಕ್ಕೆ ಸಮನಾಗಿ, ಉದ್ದನೆಯ ಬಿಳಿಯ ತತ್ತಿಯನ್ನು ಒಂದೊಂದಾಗಿ ಅಂಟಿಸುತ್ತದೆ. ಒಂದೆರಡು ದಿನಗಳಲ್ಲಿ ತತ್ತಿ ಒಡೆದು ಹೊರಬಂದ ಹುಳವು ಎಲೆಯಗುಂಟ ತೆವಳಿ ಸುಳಿಯೊಳಗೆ ಇಳಿಯುತ್ತದೆ. ಅಲ್ಲಿ ಬೆಳೆಯುವ ಕುಡಿಯನ್ನೇ ಕತ್ತರಿಸಿ, ಅದು ಕೊಳೆತ ಮೇಲೆ ಅದನ್ನು ತಿಂದು ಬದುಕುತ್ತದೆ. ನಡುವಿನ ಎಲೆ ಒಣಗಿ ನಿಲ್ಲುವುದೇ ಸುಳಿ ಸತ್ತ ಗುರುತು. ತತ್ತಿಯಿಂದ ನೊಣದವರೆಗೆ ಸುಮಾರು ಮೂರು ವಾರ ಹಿಡಿಯುತ್ತದೆ. ಆದುದರಿಂದ ಮುಂಚೆ ಬಿತ್ತಿದವನ ಹೊಲದಲ್ಲಿ ಹುಟ್ಟಿದ ನೊಣವು ಹಿಂದೆ ಬಿತ್ತಿದವನ ಹೊಲಕ್ಕೆ ಹಾರುವುದು.

ಇಲ್ಲಿ ನಮ್ಮ ಗಡಿಭಾಗದ ಒಂದು ತೊಡಕನ್ನು ಹೇಳಲೇಬೇಕು. ನಮಗೆ ಬರುವ ಬೇಸಾಯದ ಕರಪತ್ರಗಳು ಮರಾಠಿಯಲ್ಲಿರುತ್ತವೆ. ಅವುಗಳಲ್ಲಿ ‘ಖೋಡಮಾಶಿ’ ಎಂದರೆ ಸುಳಿ ನೊಣ, ‘ಖೋಡಕಿಡಾ’ ಎಂದರೆ ಕಾಂಡ ಕೊರೆಯುವ ಹುಳ. ಹೆಸರುಗಳು ಹತ್ತಿರ ಹತ್ತಿರವಾಗಿ ಕೇಳಿಸುವುದರಿಂದ ಒಂದರ ಮದ್ದನ್ನು ಇನ್ನೊಂದಕ್ಕೆ ಹೊಡೆದು ಹಣ ಕಳೆದುಕೊಂಡವರಿದ್ದಾರೆ. ಎರಡರಿಂದಲೂ ಸುಳಿ ಸಾಯುತ್ತದೆ. ಆದರೆ ಗುರುತು ಬೇರೆ. ಸತ್ತ ಸುಳಿಯನ್ನು ಎಳೆದರೆ ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ಕೊಳೆತ ನಾತ ಹೊಡೆದರೆ ಅದು ನೊಣದ ಕೆಲಸ. ಎಲೆಗಳ ಮೇಲೆ ಸಾಲಾಗಿ ಸೂಜಿ ಚುಚ್ಚಿದಂಥ ತೂತುಗಳಿದ್ದು, ಬೆಳೆ ದೊಡ್ಡದಾದ ಮೇಲೂ ಕಾಟ ಮುಂದುವರಿದರೆ ಅದು ಕಾಂಡಕೊರಕದ ಕೆಲಸ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಎರಡು ಗುರುತುಗಳನ್ನು ಅವರಿಗೆ ಹೊಲದಲ್ಲಿಯೇ ತೋರಿಸಿರಿ. ಎರಡು ಭಾಷೆಯ ಹೆಸರುಗಳನ್ನೂ ಅವರು ಬೇಗ ಕಲಿಯುತ್ತಾರೆ.

ಸಸಿಯು ಎದುರು ನಿಲ್ಲುವ ಮೂರು ಬಗೆ

ಒಂದೇ ಹೊಲ, ಒಂದೇ ದಿನದ ಬಿತ್ತನೆ. ಆದರೂ ಒಂದು ತಳಿಯ ಸಾಲು ಒಣಗಿ, ಪಕ್ಕದ ತಳಿಯ ಸಾಲು ಹಸಿರಾಗಿ ನಿಲ್ಲುವುದುಂಟು. ಇದಕ್ಕೆ ಕಾರಣವೇನು? ಅಮೆರಿಕದ ಕ್ಯಾನ್ಸಸ್ ಪ್ರಾಂತದಲ್ಲಿದ್ದ ರೆಜಿನಾಲ್ಡ್ ಪೇಂಟರ್ ಎಂಬ ವಿದ್ವಾಂಸರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಶಕ್ತಿಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆಯು ಇಂದಿಗೂ ಉಪಯೋಗದಲ್ಲಿದೆ.

ಮೊದಲನೆಯದು, ಕೀಟಕ್ಕೆ ಆ ಸಸಿ ರುಚಿಸದಿರುವುದು. ನೊಣ ಬಂದು ಕುಳಿತರೂ ತತ್ತಿಯಿಡಲು ಒಪ್ಪದೆ ಬೇರೆ ಸಸಿಗೆ ಹಾರುತ್ತದೆ. ಎರಡನೆಯದು, ಸಸಿಯನ್ನು ತಿಂದ ಹುಳವು ಏಳಿಗೆಯಾಗದಿರುವುದು. ಹುಳ ಸಾಯಬಹುದು, ಇಲ್ಲವೆ ಬಡಕಲಾಗಿ ಬೆಳೆದು ಕಡಿಮೆ ತತ್ತಿಯಿಡುವ ನೊಣವಾಗಬಹುದು. ಮೂರನೆಯದು, ಪೆಟ್ಟು ತಿಂದೂ ಚೇತರಿಸಿಕೊಳ್ಳುವುದು. ನಡುಸುಳಿ ಸತ್ತ ಮೇಲೆ ಬುಡದಿಂದ ತೆಂಡೆ ಒಡೆದು, ಆ ತೆಂಡೆಗಳೇ ತೆನೆ ಕೊಡುವುದು ಈ ಬಗೆಗೆ ಸೇರಿದ್ದು.

ಜೋಳದಲ್ಲಿ ಈ ಮೂರೂ ಸ್ವಲ್ಪಸ್ವಲ್ಪ ಇವೆ, ಮೊದಲನೆಯದೇ ಹೆಚ್ಚಿನದು. ಮದ್ರಾಸು ರಾಜ್ಯದಲ್ಲಿ ಪೊನ್ನಯ್ಯ ಎಂಬ ವಿಜ್ಞಾನಿಗಳು ಜೋಳದ ಅನೇಕ ತಳಿಗಳನ್ನು ಹೊಲದಲ್ಲಿ ಪರೀಕ್ಷಿಸಿ, ಕೆಲವಕ್ಕೆ ಸುಳಿ ನೊಣದ ಕಾಟ ಕಡಿಮೆಯೆಂಬುದನ್ನು 1951ರಲ್ಲಿಯೇ ಬರೆದರು. ಆಮೇಲಿನ ಸಂಶೋಧನೆಗಳಿಂದ ತಿಳಿದುಬಂದ ಮುಖ್ಯ ಗುಣಗಳು ಇವು:

ಒಂದು, ಎಲೆಯ ಹೊಳಪು. ತಡೆಯುವ ಜಾತಿಗಳ ಸಸಿ ಮೊಳೆತು ಹತ್ತು ಹನ್ನೆರಡು ದಿನಗಳಾದಾಗ ನೋಡಿದರೆ ಎಲೆಗಳು ತಿಳಿಹಸಿರಾಗಿ, ಕಿರಿದಾಗಿ, ನೆಟ್ಟಗೆ ನಿಂತು, ಬಿಸಿಲಿಗೆ ಮಿರುಗುತ್ತವೆ. ಬೆಳೆ ದೊಡ್ಡದಾದಂತೆ ಈ ಹೊಳಪು ಮಾಸುತ್ತದೆ. ಆದರೆ ನೊಣದ ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ.

ಎರಡು, ಎಲೆಯ ನವಿರು ಕೂದಲು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗೂದಲುಗಳು ಎಲೆಯ ಕೆಳಮೈಯಲ್ಲಿ ಒತ್ತಾಗಿದ್ದರೆ ನೊಣಕ್ಕೆ ತತ್ತಿಯಿಡಲು ತೊಡಕಾಗುತ್ತದೆ.

ಮೂರು, ಸುಳಿಯ ತೇವ. ಬೆಳಗಿನ ಜಾವದಲ್ಲಿ ನಡು ಎಲೆಯ ಮೇಲೆ ಸಸಿಯೇ ಹೊರಹಾಕಿದ ತೆಳ್ಳನೆಯ ನೀರಿನ ಪೊರೆ ಇರುತ್ತದೆ. ಆಗತಾನೆ ಹುಟ್ಟಿದ ಹುಳವು ಆ ತೇವದ ಮೇಲೆಯೇ ಜಾರಿ ಸುಳಿಗೆ ಇಳಿಯುವುದು. ತಡೆಯುವ ಜಾತಿಗಳಲ್ಲಿ ಈ ತೇವ ಕಡಿಮೆ. ಹುಳ ದಾರಿಯಲ್ಲಿಯೇ ಒಣಗುತ್ತದೆ.

ನಾಲ್ಕು, ಸಸಿಯ ಚುರುಕು. ಬೇಗ ಬೆಳೆಯುವ ಸಸಿಯು ನೊಣದ ಗಡುವನ್ನು ಬೇಗ ದಾಟುತ್ತದೆ.

ನಮ್ಮ ನೆಲದ ಮಾಲದಂಡಿ

1933ರಲ್ಲಿ ಸೋಲಾಪುರ ಮತ್ತು ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಆಗ ಎರಡು ಊರುಗಳೂ ಮುಂಬಯಿ ಇಲಾಖೆಯಲ್ಲಿದ್ದವು. ಅದೇ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರು ಬೆಳೆಯುತ್ತಿದ್ದ ಮಾಲದಂಡಿ ಜೋಳದಿಂದ ಒಂದು ಶುದ್ಧ ತಳಿಯನ್ನು ಆರಿಸಿ ಎಂ 35-1 ಎಂಬ ಹೆಸರು ಕೊಟ್ಟರು. ತೊಂಬತ್ತು ವರ್ಷಗಳ ಹತ್ತಿರ ಬಂದರೂ ಹಿಂಗಾರಿ ಹೊಲಗಳಿಂದ ಅದನ್ನು ಹೊರಡಿಸುವುದು ಯಾವ ಹೊಸ ತಳಿಗೂ ಸಾಧ್ಯವಾಗಿಲ್ಲ. ಮುತ್ತಿನಂಥ ಕಾಳು, ಮೆತ್ತಗಿನ ರೊಟ್ಟಿ, ದನಕ್ಕೆ ರುಚಿಯಾದ ಕಣಕಿ: ಇವೆಲ್ಲ ಮನೆಮನೆಯಲ್ಲಿ ಬಲ್ಲ ಮಾತು. ಇದರೊಡನೆ ಅದು ಸುಳಿ ನೊಣವನ್ನು ತಕ್ಕಮಟ್ಟಿಗೆ ತಡೆಯುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವಾಡವೇ ಇಂದಿನ ಮಂಗಳವೇಢೆ. ಅಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ, ಅದೂ ಮಾಲದಂಡಿಯೇ.

ಇದು ಆಕಸ್ಮಿಕವಲ್ಲ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯು ಜಗತ್ತಿನ ನಾನಾ ದೇಶಗಳ ಜೋಳದ ಬೀಜಗಳನ್ನು ಕೂಡಿಹಾಕಿದೆ. ಅವುಗಳಲ್ಲಿ ಹೊಳಪೆಲೆಯ ಜಾತಿಗಳನ್ನು ಹುಡುಕಿದಾಗ, ಬಹುಪಾಲು ನಮ್ಮ ದೇಶದ ದಕ್ಷಿಣ ಪ್ರಸ್ಥಭೂಮಿಯವೇ ಆಗಿದ್ದವು. ಸುಳಿ ಸತ್ತ ಗಿಡದಲ್ಲಿ ಒಳ್ಳೆಯ ತೆನೆ ಬರುವುದಿಲ್ಲ. ತೆನೆ ಬಾರದ ಗಿಡವು ಬೀಜದ ಗಡಿಗೆಗೆ ಸೇರುವುದಿಲ್ಲ. ರಾಶಿಯ ಕಾಲಕ್ಕೆ ದಪ್ಪ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ ಇಟ್ಟ ಅಜ್ಜಿಯರು ವಂಶವಾಹಿಯ ಹೆಸರನ್ನು ಕೇಳಿರಲಿಲ್ಲ. ಆದರೆ ನೊಣಕ್ಕೆ ಬಗ್ಗದ ವಂಶವನ್ನೇ ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಿದ್ದರು.

1964ರಲ್ಲಿ ಸಿ.ಎಸ್.ಎಚ್. 1 ಎಂಬ ಮೊದಲ ಸಂಕರ ಜೋಳ ಬಂದಿತು. ಮುಂಗಾರಿ ಜೋಳದ ಇಳುವರಿ ಏರಿತು. ಆದರೆ ಅದರ ತಾಯಿತಂದೆಗಳಲ್ಲಿ ನಮ್ಮ ಹಳೆಯ ಜಾತಿಗಳ ಕಾವಲು ಇರಲಿಲ್ಲ. ತಡವಾಗಿ ಬಿತ್ತಿದಲ್ಲಿ ಸುಳಿ ನೊಣವು ಸಾಲುಸಾಲಾಗಿ ಸಸಿಗಳನ್ನು ತೆಗೆಯಿತು. ಹೆಚ್ಚು ಕಾಳಿನ ಆಸೆಗೆ ಕಾವಲನ್ನು ಬಿಟ್ಟುಕೊಡಬಾರದೆಂಬ ಪಾಠವನ್ನು ತಳಿ ಬೆಳೆಸುವವರು ಅಲ್ಲಿಂದ ಕಲಿತರು.

ಮೀನಿನ ಪುಡಿ ಮತ್ತು ವಂಶವಾಹಿ

ತಡೆಯುವ ತಳಿಯನ್ನು ಗುರುತಿಸಬೇಕಾದರೆ ನೊಣ ಬರಲೇಬೇಕು. ನೊಣವಿಲ್ಲದ ವರ್ಷ ಎಲ್ಲ ತಳಿಯೂ ಒಳ್ಳೆಯದೇ! ಅದಕ್ಕಾಗಿ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ನೊಣಕ್ಕೆ ಬೇಗ ತುತ್ತಾಗುವ ಜೋಳವನ್ನು ಇಪ್ಪತ್ತು ದಿನ ಮೊದಲೇ ನಡುನಡುವೆ ಕೆಲವು ಸಾಲು ಬಿತ್ತುತ್ತಾರೆ; ಮೇಲೆ ತೇವ ಮಾಡಿದ ಮೀನಿನ ಪುಡಿಯನ್ನು ಇಡುತ್ತಾರೆ. ಆ ವಾಸನೆಗೆ ನೊಣಗಳು ಹಿಂಡುಹಿಂಡಾಗಿ ಬರುತ್ತವೆ. ಆಮೇಲೆ ಪರೀಕ್ಷೆಯ ತಳಿಗಳನ್ನು ಬಿತ್ತಿ, ಯಾವ ಸಾಲಿನಲ್ಲಿ ಎಷ್ಟು ತತ್ತಿ, ಎಷ್ಟು ಸತ್ತ ಸುಳಿ ಎಂದು ಎಣಿಸುತ್ತಾರೆ.

ಹೀಗೆ ಸಿಕ್ಕ ಗಟ್ಟಿ ಜಾತಿಗಳಲ್ಲಿ ಇಥಿಯೋಪಿಯಾ ಮೂಲದ ಐ.ಎಸ್. 18551 ಎಂಬುದು ಹೆಸರಾದದ್ದು. ಇದನ್ನು ನೊಣಕ್ಕೆ ಬಗ್ಗುವ 296 ಬಿ ಎಂಬ ತಳಿಯೊಡನೆ ಕೂಡಿಸಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಬೆಳೆಸಿ, ಯಾವ ಗುಣ ಎಲ್ಲಿ ಅಡಗಿದೆಯೆಂದು ಹೈದರಾಬಾದಿನ ರಾಷ್ಟ್ರೀಯ ಜೋಳ ಸಂಶೋಧನ ಕೇಂದ್ರದವರು ಹುಡುಕಿದರು. ಆ ಕೇಂದ್ರವೇ ಇಂದು ಭಾರತೀಯ ಸಿರಿಧಾನ್ಯಗಳ ಸಂಶೋಧನ ಸಂಸ್ಥೆಯಾಗಿದೆ. 2009ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹೊಳಪು, ಸಸಿಯ ಚುರುಕು, ತತ್ತಿ, ಸತ್ತ ಸುಳಿ, ಎಲೆಗೂದಲು ಇವುಗಳಿಗೆ ಸಂಬಂಧಿಸಿದ ತಾಣಗಳು ಒಟ್ಟು 29.

ವಂಶವಾಹಿ, ಎಂದರೆ ಜೀನ್, ಏನೆಂಬುದನ್ನು ನಮ್ಮ ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಇಲ್ಲಿ ಹೇಳುತ್ತೇವೆ. ಪ್ರತಿಯೊಂದು ಜೋಳದ ಜೀವಕಣದಲ್ಲಿ ಹತ್ತು ಜೊತೆ ವರ್ಣತಂತುಗಳಿವೆ. ಅವನ್ನು ಹತ್ತು ಸರಗಳೆಂದು ತಿಳಿಯಿರಿ. ಸರದ ಒಂದೊಂದು ಮಣಿ ಒಂದೊಂದು ಗುಣಕ್ಕೆ ಕಾರಣ. ಹೊಳಪಿನ ಮುಖ್ಯ ತಾಣವು ಐದನೆಯ ಸರದಲ್ಲಿಯೂ ಎಲೆಗೂದಲಿನದು ಹತ್ತನೆಯ ಸರದಲ್ಲಿಯೂ ಸಿಕ್ಕವು. ಮಣಿಯ ಸಮೀಪದಲ್ಲಿ ಒಂದು ಗುರುತನ್ನು ಕಂಡುಕೊಂಡರೆ, ಸಾವಿರಾರು ಸಸಿಗಳಲ್ಲಿ ಯಾವುದಕ್ಕೆ ಆ ಮಣಿ ಇಳಿದುಬಂದಿದೆ ಎಂದು ಎಲೆಯ ಚೂರನ್ನು ಪರೀಕ್ಷಿಸಿಯೇ ಹೇಳಬಹುದು. ನೊಣ ಬರಲೆಂದು ಕಾಯಬೇಕಿಲ್ಲ. ಹೀಗೆ ಹಿಂಗಾರಿಯ ಪರಭಣಿ ಮೋತಿ ಎಂಬ ತಳಿಗೆ ಐ.ಎಸ್. 18551ರ ಕೆಲವು ತಾಣಗಳನ್ನು ದಾಟಿಸಿದ ಕೆಲಸವು 2017ರಲ್ಲಿ ಪ್ರಕಟವಾಗಿದೆ. ಇದರಲ್ಲಿ ಬೇರೆ ಪ್ರಾಣಿಯ ವಂಶವಾಹಿ ಇಲ್ಲ. ಜೋಳಕ್ಕೆ ಜೋಳದ್ದೇ ಗುಣ ಕೂಡಿಸಿದ್ದು. ಕುಲ ನೋಡಿ ಹೋರಿ ಬಿಡುವ ನಮ್ಮ ಪದ್ಧತಿಗೆ ಒಂದು ಭೂತಗನ್ನಡಿ ಸಿಕ್ಕಂತೆ, ಅಷ್ಟೆ.

ಒಂದೇ ಬೀಗವಾದರೆ ಕಳ್ಳ ಕೀಲಿ ಮಾಡಿಸುತ್ತಾನೆ

ತಾಣಗಳು ಇಷ್ಟೊಂದಿದ್ದರೆ ಕೆಲಸ ಕಷ್ಟವಲ್ಲವೇ, ಒಂದೇ ವಂಶವಾಹಿ ಸಾಕಾಗಿದ್ದರೆ ಲೇಸಲ್ಲವೇ ಎಂದು ಕೇಳಬಹುದು. ಕೆಲಸ ಕಷ್ಟವೇ ಸರಿ. ಆದರೆ ಬಾಳಿಕೆ ಅದರಲ್ಲಿಯೇ ಇದೆ. ಅಕ್ಕಿ ಮತ್ತು ಗೋದಿಯ ಕಥೆ ಇದಕ್ಕೆ ಸಾಕ್ಷಿ.

ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯು ಕಂದು ಜಿಗಿಹುಳುವನ್ನು ತಡೆಯುವ ಐ.ಆರ್. 26 ಎಂಬ ಭತ್ತವನ್ನು 1973ರಲ್ಲಿ ಹೊರತಂದಿತು. ಅದರ ಬಲವು ಮುಖ್ಯವಾಗಿ ಒಂದೇ ವಂಶವಾಹಿಯ ಮೇಲೆ ನಿಂತಿತ್ತು. ದೊಡ್ಡ ಪ್ರದೇಶದಲ್ಲಿ ಅದೊಂದನ್ನೇ ಬೆಳೆದದ್ದರಿಂದ, ಅದನ್ನು ತಿಂದು ಬದುಕಬಲ್ಲ ಹುಳುಗಳಷ್ಟೇ ಉಳಿದು ಹೆಚ್ಚಿದವು. ಎರಡು ಮೂರು ವರ್ಷಗಳಲ್ಲಿ ತಳಿ ಸೋತಿತು. 1976ರಲ್ಲಿ ಬೇರೆ ವಂಶವಾಹಿಯುಳ್ಳ ಐ.ಆರ್. 36 ತರಬೇಕಾಯಿತು. ಅಮೆರಿಕದ ಗೋದಿಯನ್ನು ಕಾಡುವ ಹೆಸ್ಸಿಯನ್ ನೊಣದ ವಿಷಯವೂ ಹೀಗೆಯೇ. ಆ ನೊಣವನ್ನು ತಡೆಯುವ ಗೋದಿಯನ್ನು ಅಲ್ಲಿಯ ರೈತರು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಗುರುತಿಸಿದ್ದರು. ಮೂವತ್ತಕ್ಕೂ ಮೇಲೆ ವಂಶವಾಹಿಗಳು ಈಗ ತಿಳಿದಿವೆ. ಅವುಗಳಲ್ಲಿ ಹಲವನ್ನು ನೊಣವು ಒಂದೊಂದಾಗಿ ಮೀರಿದೆ.

ಜೋಳದ ಕಾವಲು ಅನೇಕ ಸಣ್ಣ ಗುಣಗಳು ಕೂಡಿ ಆದದ್ದು. ಅದು ಪೂರ್ತಿ ತಡೆಯುವುದಿಲ್ಲ ನಿಜ. ಆದರೆ ಹೊಳಪು, ಕೂದಲು, ತೇವ, ಚುರುಕು ಇವೆಲ್ಲವನ್ನೂ ನೊಣವು ಒಮ್ಮೆಗೇ ಮೀರುವುದು ಸುಲಭವಲ್ಲ. ಮಾಲದಂಡಿಯು ಇಷ್ಟು ವರ್ಷ ಬಾಳಿದ್ದು ಇದರಿಂದಲೇ ಎಂದು ನಮ್ಮ ಎಣಿಕೆ.

ಇನ್ನು ಬಿಟಿಯ ಮಾತು. 2002ರಿಂದ ನಾವು ಬಿಟಿ ಹತ್ತಿಯನ್ನು ನೋಡುತ್ತಿದ್ದೇವೆ. ಗುಲಾಬಿ ಕಾಯಿಕೊರಕವು ಅದನ್ನು ಮೀರಿದ್ದನ್ನೂ ನೋಡಿದ್ದೇವೆ. ಅಮೆರಿಕದಲ್ಲಿ 1996ರಿಂದ ಬಿಟಿ ಗೋವಿನಜೋಳವಿದೆ. ನಮ್ಮ ದೇಶದಲ್ಲಿ ಯಾವ ಏಕದಳ ಧಾನ್ಯದ ಬಿಟಿ ತಳಿಗೂ ಬೇಸಾಯಕ್ಕೆ ಒಪ್ಪಿಗೆ ದೊರೆತಿಲ್ಲ. ಅದಲ್ಲದೆ ಹತ್ತಿಯಲ್ಲಿರುವ ಬಿಟಿ ವಿಷವು ಪತಂಗದ ಜಾತಿಯ ಹುಳುಗಳಿಗೆ ತಾಗುವಂಥದು. ಸುಳಿ ನೊಣವು ನೊಣದ ಜಾತಿ. “ಬಿಟಿ ಜೋಳ, ನೊಣ ಬಾರದು” ಎಂದು ಯಾರಾದರೂ ಚೀಲ ಮಾರಲು ಬಂದರೆ ಕೊಳ್ಳಬೇಡಿರಿ.

ಈ ಹಿಂಗಾರಿಗೆ ಮಾಡತಕ್ಕದ್ದು

ಬೀಜದೊಳಗಿನ ಕಾವಲು ಅರ್ಧ. ಒಕ್ಕಲಿಗನ ಕಾವಲು ಇನ್ನರ್ಧ.

1. ಬಿತ್ತನೆಯ ಹೊತ್ತು. ಸೆಪ್ಟೆಂಬರ 15ರಿಂದ ಅಕ್ಟೋಬರ 15ರ ಒಳಗೆ, ಎಂದರೆ ಉತ್ತರಿ ಮತ್ತು ಹಸ್ತಿ ಮಳೆಗಳ ಹದದಲ್ಲಿ ಕೂರಿಗೆ ಹೂಡಬೇಕು. ಬಹಳ ಮುಂಚೆ ಬಿತ್ತಿದರೆ ನೊಣ, ಬಹಳ ತಡವಾದರೆ ತೇವದ ಕೊರತೆ. ಊರಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ನೊಣವು ಹೊಲದಿಂದ ಹೊಲಕ್ಕೆ ಪೀಳಿಗೆ ಬೆಳೆಸಲಾರದು. ಇದಕ್ಕೆ ಹಣ ಬೇಡ, ಒಗ್ಗಟ್ಟು ಬೇಕು.

2. ನೆಲಕ್ಕೆ ತಕ್ಕ ತಳಿ. ತೆಳು ಮಣ್ಣಿಗೆ ಫುಲೆ ಅನುರಾಧಾ. ಮಧ್ಯಮಕ್ಕೆ ಫುಲೆ ಸುಚಿತ್ರಾ, ಫುಲೆ ಮಾವುಲಿ. ಆಳದ ಎರೆಗೆ ಫುಲೆ ವಸುಧಾ, ಎಂ 35-1. ಇವೆಲ್ಲ ಸಂಕರಗಳಲ್ಲ, ಬೀಜವನ್ನು ಮನೆಯಲ್ಲಿಯೇ ಉಳಿಸಬಹುದು. ಗಡಿಯಾಚೆ ನೆಂಟರಿದ್ದವರು ವಿಜಾಪುರ ಕೇಂದ್ರದ ಬಿ.ಜೆ.ವಿ. 44 ಅನ್ನೂ ನಾಲ್ಕು ಸಾಲು ಬಿತ್ತಿ ಹೋಲಿಸಿ ನೋಡಬಹುದು.

3. ಬೀಜದ ಪ್ರಮಾಣ. ಎಕರೆಗೆ ನಾಲ್ಕು ಕಿಲೋ ಬೀಜ ಹಿಡಿದು, ಆಮೇಲೆ ಸಸಿ ಕಳೆಯುವಾಗ ಸುಳಿ ಸತ್ತವನ್ನೇ ಮೊದಲು ಕೀಳಬೇಕು. ಕಿತ್ತದ್ದನ್ನು ಬದುವಿನ ಮೇಲೆ ಚೆಲ್ಲಬಾರದು, ಒಳಗೆ ಹುಳವಿರುತ್ತದೆ. ಸುಡಬೇಕು, ಇಲ್ಲವೆ ಆಳವಾಗಿ ಹೂಳಬೇಕು.

4. ಎಣಿಕೆ. ಮೊಳೆತ ಎರಡನೆಯ ವಾರದಿಂದ ಹೊಲದ ನಾಲ್ಕು ಕಡೆ ಇಪ್ಪತ್ತೈದರಂತೆ ನೂರು ಸಸಿ ನೋಡಿರಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸುಳಿ ಸತ್ತಿದ್ದರೆ ಮಾತ್ರ ಮದ್ದಿನ ವಿಚಾರ ಮಾಡಿರಿ. ಪ್ರತಿ ವರ್ಷ ನೊಣ ಹೆಚ್ಚಿರುವ ಹೊಲವಾದರೆ ಬೀಜೋಪಚಾರವು ಸಿಂಪರಣೆಗಿಂತ ಅಗ್ಗ ಮತ್ತು ಮೇಲು. ಅದನ್ನು ಕೃಷಿ ಸಹಾಯಕರನ್ನು ಕೇಳಿ ಮಾಡಿರಿ.

5. ಬೀಜದ ಆಯ್ಕೆ. ಮನೆಯ ಹಳೆಯ ಬೆರಕೆ ಮಾಲದಂಡಿ ಇದ್ದವರು, ಹನ್ನೆರಡನೆಯ ದಿನ ಹೊಳಪೆಲೆಯ, ಚುರುಕಾದ ಸಸಿಗಳ ಪಕ್ಕದಲ್ಲಿ ಕಡ್ಡಿ ಚುಚ್ಚಿರಿ. ಸುತ್ತ ಸುಳಿ ಸತ್ತಿದ್ದರೂ ನಡುವೆ ಗಟ್ಟಿಯಾಗಿ ನಿಂತ ಸಸಿಗೆ ಮೊದಲ ಕಡ್ಡಿ. ಗಿಡ ಎತ್ತರವಾದ ಮೇಲೆ ಕಾಂಡಕ್ಕೆ ಬಣ್ಣದ ದಾರ ಕಟ್ಟಿರಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಆ ಗಿಡಗಳ ತೆನೆ ನೋಡಿ, ಕಾಳು ಕೆಟ್ಟದ್ದರ ದಾರ ಬಿಚ್ಚಿರಿ. ಒಂದು ಗಿಡಕ್ಕೆ ನೊಣ ತಪ್ಪಿರುವುದು ದೈವಯೋಗವೂ ಆಗಿರಬಹುದು. ಆದುದರಿಂದ ಐದಾರು ಗಿಡದಿಂದಲ್ಲ, ನೂರಾರು ಗಿಡದಿಂದ ಬೀಜ ಕೂಡಿಸಬೇಕು. ಇದನ್ನು ನಾಲ್ಕೈದು ವರ್ಷ ಬಿಡದೆ ಮಾಡಬೇಕು. ಎಂ 35-1ರಂಥ ಶುದ್ಧ ತಳಿಯಲ್ಲಿ ಗಿಡಗಿಡಕ್ಕೆ ಭೇದ ಕಡಿಮೆಯಾದ್ದರಿಂದ ಈ ಶ್ರಮದಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಪ್ರಮಾಣಿತ ಬೀಜ ತಂದರೆ ಸಾಕು.

ಉಳಿಸಬೇಕಾದದ್ದು

ಕಾಲುವೆ ಹಾದ ಕಡೆ ಕಬ್ಬು ಬಂದಿದೆ. ಕಬ್ಬು ಬೆಳೆಯಬೇಡಿರೆಂದು ನಾವು ಹೇಳುವುದಿಲ್ಲ. ಮನೆಯ ಸಾಲ ತೀರಿಸುವುದು ಅದೇ. ಆದರೆ ಜೋಳ ಬಿಟ್ಟ ಮನೆಯಲ್ಲಿ ಎರಡು ವರ್ಷದೊಳಗೆ ಹಳೆಯ ಬೀಜವು ಹಿಟ್ಟಾಗಿ ಹೋಗುತ್ತದೆ. ಪೇಟೆಯ ಚೀಲ ಮುಂದಿನ ವರ್ಷವೂ ಸಿಕ್ಕೀತು. ಹಿಟ್ಟಾದ ಬೀಜ ಮತ್ತೆ ಸಿಗಲಾರದು. ಇಥಿಯೋಪಿಯದ ಯಾವನೋ ರೈತನ ಹೊಲದ ಬೀಜವು ಇಂದು ನಮ್ಮ ಜೋಳವನ್ನು ಗಟ್ಟಿ ಮಾಡಲು ಬಂದಿದೆ. ನಮ್ಮ ಮೂಲೆಮನೆಯ ಗಡಿಗೆಯಲ್ಲಿಯೂ ಅಂಥದೊಂದು ಗುಣ ಅಡಗಿರಬಹುದು. ಬಿತ್ತಿ ನೋಡದೆ ಅದು ತಿಳಿಯಲಾರದು.

ಹತ್ತು ಎಕರೆ ಕಬ್ಬಿದ್ದವರೂ ಹತ್ತು ಗುಂಟೆ ಮನೆಯ ಜೋಳ ಬಿತ್ತಲಿ. ಹಳೆಯ ಬೀಜ ಉಳಿದಿರುವ ಮನೆಗಳವರು ಅದರ ಹೆಸರು, ಯಾವ ಊರಿನಿಂದ ಬಂದದ್ದು, ಎಷ್ಟು ವರ್ಷದಿಂದ ಬಿತ್ತುತ್ತಿರುವುದು ಎಂಬಿಷ್ಟನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು ಗಡಿಗೆಗೆ ಅಂಟಿಸಲಿ. ಊರಿನ ಶಾಲೆಯ ಮಕ್ಕಳಿಂದ ಬರೆಯಿಸಿದರೆ ಇನ್ನೂ ಒಳ್ಳೆಯದು. ಉತ್ತರಿ ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ಗಡಿಗೆ ಇಳಿಸಿ, ನೂರು ಕಾಳು ಎಣಿಸಿ, ತೋಯ್ದ ಗೋಣಿಯಲ್ಲಿ ಸುತ್ತಿ, ಎಷ್ಟು ಮೊಳೆಯುತ್ತವೆಂದು ಈ ವಾರವೇ ನೋಡಿಕೊಳ್ಳಿರಿ.